ಜೇಕು

ಮೊದಲು ಒಂದು ಫೋಲ್ಡರಿನ ಮೂಲೆಯಲ್ಲಿ
ಸಣ್ಣ ಬಾಣದ ಗುರುತು.
ಸಂಘದ ಲೆಕ್ಕ ತೆರೆದರೆ ತೆರೆಯಲಿಲ್ಲ;
ಅದೇ ಹೆಸರು, ಅದೇ ಹಳದಿ ಚೀಲ,
ಒಳಗೆ ಬೇರೆ ಯಾರೋ.

ಅಳಿಸಿದೆ.
ಒಲೆಯ ಮೇಲಿನ ಹಾಲು ಇಳಿಸಿ ಬರುವಷ್ಟರಲ್ಲಿ
ಮತ್ತೆ ಕೂತಿತ್ತು ಅಲ್ಲೇ,
ತಿಂಗಳ ಬಾಡಿಗೆ ಕೊಟ್ಟವರ ಹಾಗೆ.

ಆಂಟಿವೈರಸ್ ಹಾಕಿದೆ. ಹಸಿರು ಟಿಕ್ಕು ತೋರಿಸಿ
ಎಲ್ಲ ಕ್ಷೇಮ ಅಂದಿತು.
ಇನ್ನೊಂದು ಹಾಕಿದೆ. ಎರಡೂ ಕಚ್ಚಾಡಿ
ಯಂತ್ರ ಏದುಸಿರು ಬಿಟ್ಟಿತು
ಬಾಳ್ಳುಪೇಟೆ ಏರಿನಲ್ಲಿ ಲೋಡು ಲಾರಿಯಂತೆ.
ನಡುರಾತ್ರಿ ಪರದೆ ತಾನಾಗೇ ಹೊತ್ತಿಕೊಂಡು
ಎಲ್ಲಿಯದೋ ಜೂಜಿನ ಜಾಹೀರಾತು
ಗೋಡೆಗೆಲ್ಲ ಕೆಂಪು ಚೆಲ್ಲಿತು.

ಲಿಖಿತನನ್ನು ಬೈದೆ.
ತಂಗಿಯ ಮಗ, ಹದಿನಾಲ್ಕು ತುಂಬಿಲ್ಲ,
ಕಾರ್ಟೂನಿನ ಪೆನ್‌ಡ್ರೈವ್ ತಂದು ಚುಚ್ಚಿದ್ದ.
"ಇನ್ನೊಂದ್ಸಲ ಇದನ್ನ ಮುಟ್ಟಿ ನೋಡು" ಅಂದೆ.
ಚಪ್ಪಲಿ ಮೆಟ್ಟದೆ, ಕೈಯಲ್ಲೇ ಹಿಡಿದು ಹೋದ.

ಅವ್ವ ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು.
ಕಂದಲಿಯ ಆಲೂಗಡ್ಡೆ ಹೊಲಗಳಲ್ಲಿ
ಮೂವತ್ತು ಮುಂಗಾರು ಕಳೆ ಕಿತ್ತ ಬೆರಳು.
ತಿರುಗಿ ನೋಡದೆ ಕೇಳಿದಳು:
"ಜೇಕಾ?"
"ವೈರಸ್ಸು ಕಣವ್ವ."
"ಅದೇಯ. ಮೇಲಿನ ಗರಿ ಕಿತ್ರೆ ಅದಕ್ಕೇನು,
ಚೌರ ಮಾಡಿಸ್ಕಂಡಂಗೆ.
ಗೆಡ್ಡೆ ಒಳಗೈತೆ. ಗೆಡ್ಡೆಗೊಂದು ದಾರ,
ದಾರದ ತುದೀಲಿ ಇನ್ನೊಂದು ಗೆಡ್ಡೆ.
ಸಿಟ್ಟಿಗೆ ಕುಂಟೆ ಹೊಡದ್ಯಾ,
ಒಂದಿದ್ದದ್ದು ನಾಕಾಯ್ತದೆ."

ಪೆನ್ಷನ್ ಮೊಹಲ್ಲಾದಿಂದ ಇಮ್ತಿಯಾಜ್ ಬಂದ,
ಟೀ ಬೇಡ ಅಂದ, ಮೊದಲು ನೆಟ್ಟಿನ ತಂತಿ ಕಿತ್ತ.
ತಾನೇ ತಂದ ಡಿಸ್ಕಿನಿಂದ ಯಂತ್ರ ಎಬ್ಬಿಸಿದ.
"ಅದು ಮಲಗಿರುವಾಗಲೇ ಹುಡುಕಬೇಕು ಆಂಟಿ,
ಎದ್ದರೆ ಬಚ್ಚಿಟ್ಕೊಳ್ಳುತ್ತೆ."
ಬಾವಿಗಿಳಿದವನ ಹಾಗೆ ಮಾತಿಲ್ಲದೆ
ಒಂದೊಂದೇ ಮೇಲೆ ಕಳಿಸಿದ:
ಬ್ರೌಸರಿನ ಒಳಗಿನದು,
ಯಂತ್ರ ಏಳುವಾಗ ಜೊತೆಗೇ ಏಳುವುದು,
ಗಂಟೆಗೊಮ್ಮೆ ಎದ್ದು
ಸತ್ತವರನ್ನೆಲ್ಲ ಮತ್ತೆ ಕೂರಿಸಿ ಮಲಗುವುದು.

ಕೊನೆಗೆ ಒಂದು ತಾರೀಕಿನ ಮೇಲೆ ಬೆರಳಿಟ್ಟ.
"ಇಲ್ಲಿಂದ ಶುರು. ಭಾನುವಾರ, ಮಧ್ಯಾಹ್ನ ಮೂರೂ ಹತ್ತು."

ಲಿಖಿತ ಬಂದದ್ದು ಮಂಗಳವಾರ.
ಭಾನುವಾರ ಮನೆಯಲ್ಲಿ ನಾನೊಬ್ಬಳೇ,
ಸಂಘದ ಪಾಸ್‌ಬುಕ್ಕಿಗೆ ಅಂದದ ಅಕ್ಷರ
ಪುಕ್ಕಟೆ ಎಲ್ಲಿ ಸಿಗುತ್ತೆ ಅಂತ ಹುಡುಕುತ್ತಾ.
ಅನುಮತಿ ಕೊಡುವಿರಾ ಅಂತ ಕೇಳಿತ್ತು,
ಮರ್ಯಾದೆಯಿಂದಲೇ.
ಹೌದು ಅಂದಿದ್ದೆ.
ಓದದೆ.

ಇಮ್ತಿಯಾಜ್ ನನ್ನ ಮುಖ ನೋಡಲಿಲ್ಲ.
"ಎಲ್ಲರೂ ಒತ್ತುತಾರೆ ಆಂಟಿ" ಅಂದ, ಪರದೆಗೆ.

ಎಲ್ಲ ಒರೆಸಿ ಹೊಸದಾಗಿ ಹಾಕಬೇಕಾಯಿತು.
ಲೆಕ್ಕದ ಫೈಲನ್ನೂ ಅದು ತಿಂದಿತ್ತು.
ಹನ್ನೆರಡು ಹೆಂಗಸರ ಮೂರು ವರ್ಷದ ಉಳಿತಾಯ
ಯಾರಿಗೆ ಏನು ಹೇಳಲಿ ಅಂತ ಕೂತಿದ್ದಾಗ
ಅವ್ವ ಅಟ್ಟದ ಡಬ್ಬಿಯಿಂದ ಒಂದು ನೋಟ್‌ಬುಕ್ ಇಳಿಸಿದಳು.
ಓದು ಬಾರದವಳು.
ಹೆಸರಿನ ಜಾಗದಲ್ಲಿ ಚಿತ್ರ: ಮೂಗುತಿ, ಸೈಕಲ್ಲು, ಕುಂಬಳಕಾಯಿ.
ಎದುರಿಗೆ ನೂರಕ್ಕೊಂದು ಗೀಟು, ವಾರ ತಪ್ಪದೆ.
ಸಾವಂತ್ರಮ್ಮನಿಗೆ ಯಾಕೆ ಚೇಳು
ಅಂತ ಮಾತ್ರ ಹೇಳಲಿಲ್ಲ.

ಈಗ ಶನಿವಾರಕ್ಕೊಮ್ಮೆ ಪ್ರತಿ ತೆಗೆದು
ಡಿಸ್ಕು ಬಿಚ್ಚಿ ರಾಗಿಹಿಟ್ಟಿನ ಡಬ್ಬದ ಹಿಂದೆ ಇಡುತ್ತೇನೆ.
ಅಲ್ಲಿಗೆ ತಂತಿ ಇಲ್ಲ, ದಾರ ಇಲ್ಲ.
ಕೇಳಿದ್ದನ್ನೆಲ್ಲ ಎರಡೆರಡು ಸಲ ಓದುತ್ತೇನೆ,
ಪಕ್ಕದ ಮನೆಯವರು ಸಕ್ಕರೆ ಕೇಳಿದರೂ.
"ಹೋಯ್ತು ಕಣವ್ವ" ಅಂದೆ.
"ಹೋಯ್ತು ಅನ್ನಬ್ಯಾಡ. ಕಾಣ್ತಿಲ್ಲ ಅನ್ನು."

ತಣ್ಣೀರುಹಳ್ಳದ ತನಕ ನಡೆದೆ.
ಲಿಖಿತ ಸೈಕಲ್ ಮಗುಚಿ ಹಾಕಿ
ಚೈನು ಕೂರಿಸುತ್ತಿದ್ದ, ಕೈಯೆಲ್ಲ ಕಪ್ಪು ಗ್ರೀಸು.
"ಪೆನ್‌ಡ್ರೈವ್ ತಗೊಂಡು ಬಾರೋ ಮನೆಗೆ."
"ಯಾಕೆ?" ತಲೆ ಎತ್ತಲಿಲ್ಲ.

ದಾರಿಯುದ್ದ ಕಟ್ಟಿಕೊಂಡು ಬಂದ ಮಾತು
ಗಂಟಲಲ್ಲೇ ಬಾಣದ ಗುರುತಾಗಿ ನಿಂತಿತು.
ಸೀರೆಗೆ ಮಣ್ಣಾಗಲಿ ಅಂತ ಕೂತು
ಚೈನಿನ ಇನ್ನೊಂದು ತುದಿ ಹಿಡಿದೆ.
"ಭಾನುವಾರ" ಅಂತ ಶುರು ಮಾಡಿದೆ.